ಹಿಮಬಂಡಿಯ ನಾಯಿಗಳು ಮತ್ತು ನಮ್ಮ ವಿಹಾರ

ಬೇಸಿಗೆಯಲ್ಲಿ ಅಲಾಸ್ಕಕ್ಕೆ ಹೋಗುವ ಪ್ರವಾಸಿಗರಿಗೆ ಒಂದು ದಿನದ ವಿಹಾರದಲ್ಲಿ ಎರಡು ಆಕರ್ಷಣೆಗಳಿವೆ: ಹಿಮಪರ್ವತಗಳ ದರ್ಶನ ಮತ್ತು ನಾಯಿಗಳು ಎಳೆಯುವ ಬಂಡಿಯ ಸವಾರಿ. ಜೂನೋ ನಗರದಿಂದ ಹೆಲಿಕಾಪ್ಟರಿನಲ್ಲಿ ಹಿಮನದಿಯ ಮೇಲಿಳಿದು ಹಿಮಬಂಡಿ ಏರುವವರುಂಟು. ಸೀವರ್ಡ್ ಪಟ್ಟಣದ ಬಳಿ, ಹಿಮವಿಲ್ಲದ ಹಾದಿಯಲ್ಲಿ, ಗಾಲಿಯ ಬಂಡಿ ಏರುವವರೂ ಉಂಟು. ವಿದೇಶದಲ್ಲಿ ನೆಲೆಸಿದ ಮಕ್ಕಳೊಡನೆ ಇಂತಹ ಪ್ರವಾಸ ಕೈಗೊಳ್ಳುವ ಸಂದರ್ಭ ನಮ್ಮ ಶ್ರಾವಕ ಕುಟುಂಬಗಳಿಗೂ ಒದಗುವುದರಿಂದ, ಈ ವಿನೋದವನ್ನು ಧರ್ಮದೃಷ್ಟಿಯಿಂದ ಪರಾಮರ್ಶಿಸುವುದು ಅಪ್ರಸ್ತುತವಾಗಲಾರದು.

ಮೊದಲು ನ್ಯಾಯವಾದುದನ್ನು ಹೇಳಬೇಕು. ಓಟವು ಈ ನಾಯಿಗಳ ಸಹಜ ಪ್ರವೃತ್ತಿ. ಬಂಡಿಗೆ ಕಟ್ಟುವಾಗಲೇ ಅವು ಉತ್ಸಾಹದಿಂದ ನೆಗೆಯುತ್ತವೆ. ಆದುದರಿಂದ ಬಂಡಿ ಎಳೆಸುವುದೆಲ್ಲವೂ ಹಿಂಸೆಯೆಂದು ದೂರುವುದು ವಿವೇಕವಲ್ಲ. 1925ರಲ್ಲಿ ನೋಮ್ ಪಟ್ಟಣದಲ್ಲಿ ಗಂಟಲಮಾರಿ ರೋಗ ಹರಡಿದಾಗ 20 ಮಂದಿ ಚಾಲಕರೂ ಸುಮಾರು 150 ನಾಯಿಗಳೂ ಸರದಿಯ ಮೇಲೆ 674 ಮೈಲಿ ಕ್ರಮಿಸಿ, ಐದೂವರೆ ದಿನಗಳಲ್ಲಿ ಔಷಧವನ್ನು ತಲುಪಿಸಿದರು. ಕೊನೆಯ ಹಂತದ ಮುಂದಾಳಾಗಿದ್ದ ಬಾಲ್ಟೋ ಎಂಬ ನಾಯಿಗೆ ಅದೇ ವರ್ಷ ನ್ಯೂಯಾರ್ಕಿನಲ್ಲಿ ಪ್ರತಿಮೆ ಎದ್ದಿತು. ಆದರೆ ಜನರ ಉತ್ಸಾಹ ಇಳಿದ ಮೇಲೆ ಅದೇ ಬಾಲ್ಟೋ ಲಾಸ್ ಏಂಜಲೀಸಿನಲ್ಲಿ ಕಾಸು ತೆತ್ತು ನೋಡುವ ಪ್ರದರ್ಶನದ ವಸ್ತುವಾಯಿತು. 1927ರಲ್ಲಿ ಕ್ಲೀವ್‌ಲ್ಯಾಂಡಿನ ನಾಗರಿಕರೂ ಶಾಲೆಯ ಮಕ್ಕಳೂ ಚಂದಾ ಕೂಡಿಸಿ ಅದನ್ನೂ ಜೊತೆಯ 6 ನಾಯಿಗಳನ್ನೂ ಬಿಡಿಸಿಕೊಂಡರು. ಜೀವದಯೆ ಎಂದರೆ ಇದು.

ವಿಚಾರಿಸಬೇಕಾದುದು ಓಟವನ್ನಲ್ಲ, ಓಟ ಮುಗಿದ ಮೇಲಿನ ಗತಿಯನ್ನು. ಕೆನಡದ ವಿಸ್ಲರ್ ಪ್ರದೇಶದಲ್ಲಿ 2010ರ ಚಳಿಗಾಲದ ಒಲಿಂಪಿಕ್ಸ್ ಮುಗಿದ ಕೆಲವೇ ವಾರಗಳಲ್ಲಿ ಸವಾರಿಯ ಉದ್ಯಮವೊಂದರ ಹತ್ತಾರು ನಾಯಿಗಳನ್ನು ಕೊಲ್ಲಲಾಯಿತು. ವ್ಯಾಪಾರ ಕುಸಿದುದೇ ಕಾರಣವೆಂದು ವರದಿಯಾಯಿತು. 2012ರಲ್ಲಿ ಆ ಪ್ರಾಂತ್ಯದ ಸರ್ಕಾರ ಇಂತಹ ನಾಯಿಗಳ ಪಾಲನೆಗೆ ನಿಯಮಗಳನ್ನು ವಿಧಿಸಿತು. ವರ್ತಕನಿಗೆ ಈ ಲೆಕ್ಕ ಅಪರಿಚಿತವಲ್ಲ: ಮಾರಾಟವಾಗದ ಸರಕನ್ನು ನಷ್ಟದ ಖಾತೆಗೆ ಬರೆಯುತ್ತೇವೆ. ಜೀವವನ್ನು ಸರಕಿನ ಖಾತೆಗೆ ಸೇರಿಸಿದರೆ ಅದರ ಮರಣವೂ ಆ ಖಾತೆಯ ಒಂದು ಸಾಲು ಮಾತ್ರ.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧವೂ ಅತಿಭಾರಾರೋಪಣವೂ ಸೇರಿವೆ. ಪ್ರವಾಸಿಗನು ಕಾಣುವುದು ಅಲ್ಪಕಾಲದ ಓಟವನ್ನು. ದಿನದ ಉಳಿದ ಹೊತ್ತಿನ ಸರಪಳಿಯನ್ನಲ್ಲ. ದಟ್ಟ ರೋಮದ ಪ್ರಾಣಿಗೆ ಬಿಸಿಲಿನಲ್ಲಿ ಹಗುರ ಬಂಡಿಯೂ ಅತಿಭಾರವಾಗಬಹುದು.

ಬೇರೆ ಮಾರ್ಗವೂ ಇದೆ. 6,190 ಮೀಟರ್ ಎತ್ತರದ ಶಿಖರವುಳ್ಳ ಡೆನಾಲಿ ರಾಷ್ಟ್ರೀಯ ಉದ್ಯಾನದಲ್ಲಿ 1920ರ ದಶಕದಿಂದ ಚಳಿಗಾಲದ ಗಸ್ತಿಗೆ ನಾಯಿಗಳಿವೆ. ಬೇಸಿಗೆಯಲ್ಲಿ ಅವುಗಳ ಕೆಲಸವನ್ನು ಜನರಿಗೆ ತೋರಿಸುವರೇ ಹೊರತು ಪ್ರವಾಸಿಗರನ್ನು ಕೂರಿಸಿ ಎಳೆಸುವುದಿಲ್ಲ. ಸುಮಾರು 9 ವರ್ಷ ತುಂಬಿದ ನಾಯಿಯನ್ನು ಯೋಗ್ಯ ಮನೆಗೆ ದತ್ತು ನೀಡುವರು.

ಆದುದರಿಂದ ಚೀಟಿ ಕೊಳ್ಳುವ ಮುನ್ನ ಕೇಳಬೇಕು: ನಾಯಿ ದಿನಕ್ಕೆ ಎಷ್ಟು ಹೊತ್ತು ಸರಪಳಿಯಲ್ಲಿರುತ್ತದೆ? ಬಿಸಿಲೇರಿದ ದಿನ ಸವಾರಿ ನಿಲ್ಲುತ್ತದೆಯೇ? ಮುಪ್ಪಿನಲ್ಲಿ ಅನ್ನ ಹಾಕುವವರು ಯಾರು? ಉತ್ಸವಕ್ಕೆ ಆನೆ, ಕುದುರೆಗಳನ್ನು ಬಾಡಿಗೆಗೆ ತರುವ ಬಸದಿಗಳ ಆಡಳಿತ ಮಂಡಳಿಗಳಿಗೂ ಈ ಪ್ರಶ್ನೆಗಳು ಅನ್ವಯಿಸುತ್ತವೆ. ನೇರವಾದ ಉತ್ತರ ದೊರೆಯದಿದ್ದಲ್ಲಿ ಸವಾರಿಯನ್ನು ಬಿಟ್ಟು ಪರ್ವತವನ್ನಷ್ಟೇ ನೋಡಿ ಬರುವುದು ಶ್ರಾವಕನಿಗೆ ಶೋಭೆ.