ಗುಡುಗುಡಿಯೂ ಗಿಟಾರೂ

ಹೋದ ಅಮಾವಾಸ್ಯೆಯ ರಾತ್ರಿ ನಮ್ಮೂರು ಇಜೇರಿಯಲ್ಲಿ ಭಜನೆಗೆ ಕುಳಿತಿದ್ದೆ. ಏಕತಾರಿ, ದಮ್ಮಡಿ, ತಾಳ, ಒಂದು ಹಳೆಯ ಹಾರ್ಮೋನಿಯಂ, ಇಷ್ಟೇ ಮೇಳ. ಚಹಾಕ್ಕೆಂದು ನಿಲ್ಲಿಸಿದಾಗ ನನ್ನ ವಿದ್ಯಾರ್ಥಿಯೊಬ್ಬ ಮೊಬೈಲು ತೆಗೆದು, ರಘು ದೀಕ್ಷಿತರು ಹಾಡಿರುವ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಪದವನ್ನು ಮೇಳದ ಹಿರಿಯರಿಗೆ ಕೇಳಿಸಿದ. ಊರಿಗೆಲ್ಲ ಅವರು ಮುತ್ಯಾ. ತೊಡೆ ತಟ್ಟುತ್ತ ಕೊನೆಯವರೆಗೂ ಕೇಳಿದರು. ಆಮೇಲೆ, “ಹಾಡ ಚಲೋ ಅದ ತಮ್ಮಾ. ಖರೆ, ನಡುವ ಎಲ್ಲೂ ನಿಂದರಂಗಿಲ್ಲಲ್ಲ. ನಿಂದರಲಿಲ್ಲಂದ್ರ ಅರ್ಥ ಯಾವಾಗ ಹೇಳಬೇಕು?” ಎಂದರು.

ಆ ಮಾತನ್ನೇ ಒರೆಗಲ್ಲಾಗಿ ಹಿಡಿದು ದೀಕ್ಷಿತರ ಧ್ವನಿಮುದ್ರಿಕೆಗಳನ್ನು ಮತ್ತೊಮ್ಮೆ ಕೇಳಿದೆ. ಕಚೇರಿಗಳ ಚಿತ್ರಮುದ್ರಣಗಳನ್ನೂ ನೋಡಿದೆ. ಅವರ ಮೊದಲ ಮುದ್ರಿಕೆ ಹೊರಬಿದ್ದದ್ದು 2008ರಲ್ಲಿ. ಎಂಟು ಹಾಡುಗಳಲ್ಲಿ ಕನ್ನಡದವು ಎರಡೇ, ಎರಡೂ ಶರೀಫರವು. ಉಳಿದವು ಹಿಂದಿ, ಇಂಗ್ಲಿಷ್. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಬಂದಿತು. ಸಿನಿಮಾದ ಆಸರೆಯಿಲ್ಲದೆ ಶರೀಫರ ಪದವೊಂದು ತರುಣರ ಬಾಯಲ್ಲಿ ನಿಲ್ಲುವುದು ಸಣ್ಣ ಸಂಗತಿಯಲ್ಲ.

ತತ್ತ್ವಪದಕ್ಕೆ ರಾಕ್ ಸಂಗೀತ ಹೊಂದುವುದಿಲ್ಲ, ಇದು ಅಪಚಾರ ಎಂದು ಮೂಗು ಮುರಿಯುವವರುಂಟು. ಅವರ ಪಂಕ್ತಿಯಲ್ಲಿ ನಾನಿಲ್ಲ. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಿ. ಅಶ್ವತ್ಥರು ಕೂಡಿಸಿದ ಮಟ್ಟುಗಳನ್ನೇ ಶರೀಫರ ಮಟ್ಟುಗಳೆಂದು ನಂಬಿ ಕುಳಿತವರು ಇವರಲ್ಲಿ ಎಷ್ಟು ಜನವೋ! ಪದ ಒಂದು, ಮಟ್ಟು ಹಲವು. ಭಜನೆಯವರಿಗೆ ಇದು ಹೊಸದೇನೂ ಅಲ್ಲ.

ನೋಡಬೇಕಾದದ್ದು ಔಚಿತ್ಯವನ್ನು. ‘ಗುಡುಗುಡಿ’ಯಲ್ಲಿ ಅದು ಒದಗಿ ಬಂದಿದೆ. ಮನಸ್ಸೇ ಸಂಚಿ, ಮೋಹವೇ ಭಂಗಿ, ಬುದ್ಧಿಯೇ ಕೆಂಡ ಎಂದು ಶರೀಫರು ಚಟದ ಸಾಮಗ್ರಿಯಿಂದಲೇ ಯೋಗವನ್ನು ಹೇಳುತ್ತಾರೆ. ಅದು ಕಟ್ಟೆಯ ಮೇಲೆ ಕುಳಿತು ಕೀಟಲೆ ಮಾಡುವವರ ದನಿ. ಗದ್ದಲದ ನಡುವೆ ನಗುತ್ತ ಹೇಳಬೇಕಾದ ಮಾತು. ಡ್ರಮ್ಮಿನ ಬಡಿತ ಅದಕ್ಕೆ ಹುರುಪನ್ನು ಕೊಟ್ಟಿದೆ. ಪಿಟೀಲು ಕಳ್ಳನಗೆ ನಗುತ್ತದೆ.

‘ಸೋರುತಿಹುದು ಮನಿಯ ಮಾಳಿಗಿ’ಯ ಬಗ್ಗೆ ನನಗೆ ಇಷ್ಟು ಸಮಾಧಾನವಿಲ್ಲ. ದಕ್ಷಿಣದವರು ‘ಮಾಳಿಗೆ’ ಎಂದರೆ ಉಪ್ಪರಿಗೆ ಎಂದುಕೊಂಡಾರು. ನಮ್ಮ ಸೀಮೆಯಲ್ಲಿ ಅದು ಮಣ್ಣಿನ ಚಾವಣಿ. ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಿ ತುಳಿಯದಿದ್ದರೆ ನಡುರಾತ್ರಿ ಹಾಸಿಗೆಯ ಮೇಲೆ ಕೆಸರು ನೀರು ತೊಟ್ಟಿಕ್ಕುತ್ತದೆ. ಅಟ್ಟಲಿನ ಪಾತ್ರೆಯೆಲ್ಲ ಅಂಗಳದ ಬದಲು ಪಡಸಾಲೆಯಲ್ಲಿ ಇಡಬೇಕಾಗುತ್ತದೆ. ಆ ರಾತ್ರಿಗಳನ್ನು ಕಂಡು ಬೆಳೆದವನು ನಾನು. ದೀಕ್ಷಿತರ ಕಂಠ ತುಂಬು ಕಂಠ, ಭಾವವೂ ಪ್ರಾಮಾಣಿಕ. ಆದರೆ ಆ ಮನೆಯೊಳಗೆ ಸಿಕ್ಕಿಕೊಂಡವನ ದಿಗಿಲು ನನಗೆ ಕೇಳಿಸಲಿಲ್ಲ. ವಾದ್ಯಗಳ ನಯ ಹೆಚ್ಚಾಯಿತು. ಬಿರುಕೇ ಇಲ್ಲದ ಚಾವಣಿ ಸೋರುವುದೆಂತು?

ಇನ್ನು ಕಚೇರಿ. ಬಣ್ಣದ ಲುಂಗಿ, ಬರಿಗಾಲಿಗೆ ಗೆಜ್ಜೆ, ಕುಣಿಯುವ ಜನ. ಮೇಲುನೋಟಕ್ಕೆ ಇದು ಭಜನೆಯಿಂದ ಬಲು ದೂರ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಗಮನಿಸಿ: ಹಾಡಿಗೆ ಮೊದಲು ದೀಕ್ಷಿತರು ನಿಂತು ಅರ್ಥ ಹೇಳುತ್ತಾರೆ, ಕನ್ನಡವರಿಯದವರಿಗೆ ಇಂಗ್ಲಿಷಿನಲ್ಲಿ. ಆಮೇಲೆ ಪಲ್ಲವಿಯನ್ನು ಸಭೆಗೇ ಕಲಿಸಿ ಅವರಿಂದ ಹಾಡಿಸುತ್ತಾರೆ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಹೋದ ತಂಡ ಇದು. ಮುತ್ಯಾ ಕೇಳಿದ ‘ನಿಲುಗಡೆ’ ಮುದ್ರಿಕೆಯಲ್ಲಿಲ್ಲ. ವೇದಿಕೆಯ ಮೇಲೆ ಉಂಟು. ಈ ಕಾರಣದಿಂದ ದೀಕ್ಷಿತರ ಕಚೇರಿ ಅವರ ಮುದ್ರಿಕೆಗಿಂತ ತತ್ತ್ವಪದಕ್ಕೆ ಹತ್ತಿರವಾದದ್ದು ಎಂದು ನನ್ನ ಎಣಿಕೆ.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಅಲ್ಲಿ ಅರ್ಥ ಮೊದಲೇ ಹೇಳಿ ಮುಗಿದುಹೋಗುತ್ತದೆ. ನಮ್ಮ ಭಜನೆಯಲ್ಲಿ ನುಡಿಯ ನಡುವೆ ಯಾರೋ “ಇದರ ಅರ್ಥ ಏನ್ರಿ?” ಎಂದು ತಡೆಯುತ್ತಾರೆ; ಹಾಡುವವರು ಒಂದು ಹೇಳಿದರೆ ತಾಳದವರು ಮತ್ತೊಂದು ಹೇಳುತ್ತಾರೆ; ಒಂದೊಂದು ಪದ ಅರ್ಧ ರಾತ್ರಿ ನುಂಗುತ್ತದೆ. ಟಿಕೆಟ್ಟಿನ ಕಚೇರಿಗೆ ಅಷ್ಟು ಹೊತ್ತಿಲ್ಲ ಎಂಬುದು ನನಗೂ ಗೊತ್ತು.

ಆ ರಾತ್ರಿಯೇ ಹುಡುಗ, “ಮುತ್ಯಾ, ಕಡಕೋಳ ಮಡಿವಾಳಪ್ಪನವರ ಪದ ಹಿಂಗ ಹಾಡಿದ್ರ ನಡೀತದೇನು?” ಎಂದು ಕೇಳಿದ್ದ. ಮಡಿವಾಳಪ್ಪನವರು ನಮ್ಮ ಜೇವರ್ಗಿ ಸೀಮೆಯವರು. ಚೆನ್ನೂರ ಜಲಾಲ ಸಾಹೇಬರಂಥ ಶಿಷ್ಯರನ್ನು ಪಡೆದವರು. ಹಾಗಿದ್ದೂ ನನ್ನ ತರಗತಿಯಲ್ಲಿ ಶರೀಫರನ್ನು ಬಲ್ಲ ಹತ್ತು ಹುಡುಗರಿದ್ದರೆ ಇವರ ಪದ ಬಲ್ಲವನು ಒಬ್ಬ ಸಿಕ್ಕಿದರೆ ಹೆಚ್ಚು. ನಾನು ಮುತ್ಯಾ ಅವರ ಮುಖ ನೋಡಿದೆ. ಅವರು, “ಮುಂದಿನ ಅಮಾಸಿಗಿ ನಿನ್ನ ಪೆಟಗಿ ತಗೊಂಡು ಬಾ, ನೋಡಮು” ಎಂದರು.

ಪೆಟ್ಟಿಗೆ ಎಂದರೆ ಗಿಟಾರು. ಅದನ್ನು ಏಕತಾರಿಯ ಶ್ರುತಿಗೆ ಇಳಿಸಿಕೊಂಡು ಬರಬೇಕೆಂದು ಹುಡುಗನಿಗೆ ಹೇಳಿದ್ದೇನೆ. ಮುತ್ಯಾ ಅವರಿಗೆ ಈಗ ಮೇಲಿನ ಸ್ವರ ಎಟುಕುವುದಿಲ್ಲ.