ಕೋವಿ ಮತ್ತು ವಿಗ್ರಹ: ಒಂದು ದೈವಶಾಸ್ತ್ರೀಯ ವಾದದ ಪರಾಮರ್ಶೆ

ಅಮೆರಿಕದ ಕೋವಿ ಸಂಸ್ಕೃತಿಯ ಕುರಿತು ಅಲ್ಲಿನ ಕ್ರೈಸ್ತ ಚಿಂತಕರು ನಡೆಸಿರುವ ಚರ್ಚೆಯಲ್ಲಿ ಒಂದು ವಾದವು ಬಲವಾಗಿ ನೆಲೆಯೂರಿದೆ: ಕೋವಿಯು ಆ ಸಮಾಜದ ವಿಗ್ರಹವಾಗಿದೆ ಎಂಬುದು. ೨೦೧೨ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ೨೦ ಮಕ್ಕಳೂ ೬ ಮಂದಿ ಹಿರಿಯರೂ ಗುಂಡಿಗೆ ಬಲಿಯಾದ ಬೆನ್ನಲ್ಲೇ ಕಥೋಲಿಕ ಇತಿಹಾಸಕಾರ ಗ್ಯಾರಿ ವಿಲ್ಸ್ ಬರೆದ ಲೇಖನವು, ಮಕ್ಕಳನ್ನೇ ಆಹುತಿ ಕೇಳುತ್ತಿದ್ದ ಮೋಲೆಕನಿಗೆ ಕೋವಿಯನ್ನು ಹೋಲಿಸಿತು. ಅದೇ ವರ್ಷ ಪ್ರೆಸ್ಬಿಟೇರಿಯನ್ ಸಭಾಪಾಲಕ ಜೇಮ್ಸ್ ಆಟ್‌ವುಡ್ ಅವರು ‘ಅಮೆರಿಕ ಅಂಡ್ ಇಟ್ಸ್ ಗನ್ಸ್’ ಎಂಬ ಗ್ರಂಥದಲ್ಲಿ ಈ ವಾದವನ್ನು ವಿಸ್ತಾರವಾಗಿ ಮಂಡಿಸಿದರು. ನಮ್ಮ ಗುರುವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಪ್ರಬೋಧನೆಗಳಲ್ಲಿಯೂ ಈ ವಾದವು ಈಗ ಹಾಗೆಯೇ ಇಳಿದುಬರುತ್ತಿರುವುದರಿಂದ ಅದನ್ನು ಒರೆಗೆ ಹಚ್ಚುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲು ಅದರ ಬಲವನ್ನು ಗುರುತಿಸೋಣ. ಪ್ರವಾದಿ ಯೆಶಾಯನ ೪೪ನೇ ಅಧ್ಯಾಯದಲ್ಲಿ ಬರುವ ಬಡಗಿಯು ಒಂದೇ ಮರದ ಅರ್ಧವನ್ನು ಉರಿಸಿ ರೊಟ್ಟಿ ಸುಡುತ್ತಾನೆ, ಉಳಿದರ್ಧವನ್ನು ದೇವರನ್ನಾಗಿ ಕೆತ್ತಿ ಅದಕ್ಕೆ ಅಡ್ಡಬೀಳುತ್ತಾನೆ. ಮರದಲ್ಲಿ ದೋಷವಿಲ್ಲ. ತನ್ನ ಬಲಗೈ ಹಿಡಿದಿರುವುದು ಸುಳ್ಳಾಗಿರಬಹುದೇ ಎಂದು ಆತನು ಒಮ್ಮೆಯೂ ಕೇಳಿಕೊಳ್ಳಲಾರ ಎಂಬುದೇ ಪ್ರವಾದಿಯ ಆಕ್ಷೇಪ. ಪ್ರಶ್ನೆಗೆ ಎಟುಕದಂತೆ ಎತ್ತರಕ್ಕೇರಿದ ಸಾಧನವೇ ವಿಗ್ರಹ. ೧೭೯೧ರಲ್ಲಿ ಅಂಗೀಕೃತವಾದ ಎರಡನೆಯ ತಿದ್ದುಪಡಿಯು ಅಮೆರಿಕದಲ್ಲಿ ಆಯುಧಧಾರಣೆಯನ್ನು ಸಂವಿಧಾನದ ಹಕ್ಕಾಗಿಸಿತು. ೨೦೦೮ರ ಹೆಲ್ಲರ್ ತೀರ್ಪಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಅದನ್ನು ವ್ಯಕ್ತಿಗತ ಹಕ್ಕೆಂದು ಸಾರಿತು. ೨೦೨೨ರ ಬ್ರೂಯೆನ್ ತೀರ್ಪು ಅದನ್ನು ಮನೆಯಾಚೆಗೂ ವಿಸ್ತರಿಸಿತು. ೨೦೨೧ರಲ್ಲಿ ಅಲ್ಲಿ ಗುಂಡೇಟಿನಿಂದ ಮಡಿದವರು ೪೮,೮೩೦ ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಇಷ್ಟು ಸಾವುಗಳ ನಡುವೆಯೂ ಸಣ್ಣ ನಿರ್ಬಂಧವೊಂದರ ಮಾತೆತ್ತಿದರೆ ದೈವದ್ರೋಹವೆಂಬಂತೆ ಕೆರಳುವವರನ್ನು ಕಂಡು ವಿಲ್ಸ್ ಮತ್ತು ಆಟ್‌ವುಡ್ ಆಡಿದ ಮಾತನ್ನು ಉತ್ಪ್ರೇಕ್ಷೆಯೆನ್ನಲಾಗದು. ಆಟ್‌ವುಡ್ ಸ್ವತಃ ಜಿಂಕೆ ಬೇಟೆಯಾಡುತ್ತಿದ್ದವರು, ಕೋವಿಯನ್ನೇ ದ್ವೇಷಿಸಿದವರಲ್ಲ.

ಆದರೆ ಈ ವಾದವು ಭಕ್ತಿಯನ್ನು ಖಂಡಿಸುವಷ್ಟು ಶ್ರದ್ಧೆಯಿಂದ ಭಯವನ್ನು ಆಲಿಸುವುದಿಲ್ಲ. ಕಾಡಿನಂಚಿನಲ್ಲಿ ಒಂಟಿ ಮನೆಯಿರುವವನು, ರಾತ್ರಿ ಬಾಗಿಲು ತಟ್ಟಿದ ಸದ್ದಿಗೆ ಬೆಚ್ಚಿಬೀಳುವವಳು ಕೋವಿಯನ್ನು ನೆನೆದರೆ ಅದು ಆರಾಧನೆಯಾಗದು. ಸಂತ ತೋಮಸ್ ಅಕ್ವಿನಾಸರು ಸ್ವರಕ್ಷಣೆಯನ್ನು ವಿಚಾರಿಸುವಾಗ ಆಯುಧದಿಂದ ಆರಂಭಿಸದೆ ಉದ್ದೇಶದಿಂದ ಆರಂಭಿಸುತ್ತಾರೆ: ತನ್ನ ಪ್ರಾಣವನ್ನು ಉಳಿಸಿಕೊಳ್ಳುವ ಉದ್ದೇಶವು ನ್ಯಾಯವಾದುದು, ಅಗತ್ಯಕ್ಕಿಂತ ಹೆಚ್ಚಿನ ಬಲಪ್ರಯೋಗವು ಅನ್ಯಾಯ. ಅದರ ಮರುವಿಧಿಯಲ್ಲಿಯೇ ಅವರು ಆಕಸ್ಮಿಕ ಹತ್ಯೆಯನ್ನು ಕೈಗೆತ್ತಿಕೊಂಡು, ಮಾಡಬಾರದ ಕೆಲಸದಲ್ಲಿ ತೊಡಗಿದ್ದವನೂ ವಹಿಸಬೇಕಾದ ಎಚ್ಚರ ವಹಿಸದವನೂ ಹೊಣೆಯಿಂದ ನುಣುಚಿಕೊಳ್ಳಲಾರರು ಎನ್ನುತ್ತಾರೆ. ವಿಗ್ರಹದ ವಾದಕ್ಕೆ ಮಾರುಹೋದ ಪ್ರಬಂಧಗಳಲ್ಲಿ ಈ ಎರಡನೆಯ ವಿಧಿಯ ಪ್ರಸ್ತಾಪವೇ ಇರುವುದಿಲ್ಲ. ನಮ್ಮ ಘಟ್ಟದ ತಪ್ಪಲಿಗಾದರೋ ಹೆಚ್ಚು ಬೇಕಾದುದು ಅದೇ. ಕತ್ತಲಲ್ಲಿ ಪೊದೆ ಅಲುಗಿತೆಂದು ಹಂದಿಯೆಂದು ತಿಳಿದು ಈಡು ಹೊಡೆದಾಗ ಬಿದ್ದವನು ಜೊತೆಗೆ ಬಂದ ಗೆಳೆಯನೇ ಆಗಿದ್ದ ಸುದ್ದಿಗಳು ಮಲೆನಾಡಿಗೂ ಕೊಡಗಿಗೂ ಹೊಸತಲ್ಲ. ಅಲ್ಲಿ ವಿಗ್ರಹವೂ ಇಲ್ಲ, ವೈರವೂ ಇಲ್ಲ. ಅಲಕ್ಷ್ಯವಿದೆ, ಮತ್ತು ಒಂದು ಹೆಣವಿದೆ.

ಧರ್ಮಸ್ಥಳದ ಸುತ್ತಣ ಊರುಗಳಲ್ಲಿ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ತೋಟಗಳಲ್ಲಿ, ಕೋವಿಯ ಸ್ಥಾನವೇ ಬೇರೆ. ೧೯೫೯ರ ಆಯುಧ ಕಾಯಿದೆಯು ಕೋವಿಯನ್ನು ಹಕ್ಕೆಂದು ಕೊಡದೆ ಪರವಾನಗಿಯ ಮೇಲೆ ಕೊಡುತ್ತದೆ. ಬೆಳೆ ರಕ್ಷಣೆಗೆಂದು ಕೇಳುವ ಕೃಷಿಕನಿಗಾಗಿ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಅದರ ೧೩ನೇ ಕಲಮು ಹೆಸರಿಸಿಯೇ ಹೇಳುತ್ತದೆ. ಮಂಗಗಳು ಎಳನೀರನ್ನು ಕೆಡಹುತ್ತವೆ, ಹಂದಿಗಳು ಬಾಳೆಯ ಬುಡವನ್ನೂ ಅಡಿಕೆಯ ಸಸಿಯನ್ನೂ ಅಗೆದುಹಾಕುತ್ತವೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಿರ್ಬಂಧವಿರುವುದರಿಂದ ಅವನ ಕೋವಿಯ ಕೆಲಸ ಬಹುಪಾಲು ಸದ್ದು ಮಾಡಿ ಓಡಿಸುವುದು. ಚುನಾವಣೆ ಘೋಷಣೆಯಾದರೆ ಆ ಕೋವಿಯನ್ನೂ ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶ ಬರುತ್ತದೆ. ಬೆಳೆ ಕಾಯುವವರಿಗೆ ವಿನಾಯಿತಿ ಕೊಡಿ ಎಂದು ಕೃಷಿಕರು ಪ್ರತಿ ಚುನಾವಣೆಯಲ್ಲೂ ಮನವಿ ಸಲ್ಲಿಸುತ್ತಾರೆ. ಗೊಣಗುತ್ತ ಕೋವಿಯನ್ನು ಒಪ್ಪಿಸುತ್ತಾರೆ, ಮುಗಿದ ಮೇಲೆ ತರುತ್ತಾರೆ. ಯೆಶಾಯನ ಒರೆಗಲ್ಲಿಗೆ ಹಚ್ಚಿದರೆ ಈ ಕೃಷಿಕನು ತೇರ್ಗಡೆಯಾಗುತ್ತಾನೆ. ಕೈಯಿಂದ ಇಳಿಸಬಲ್ಲದ್ದು ಸಾಧನ, ಇಳಿಸಲಾರದ್ದು ದೇವರು.

ಇನ್ನೊಂದು ತೊಡಕು ಪದದ್ದು. ಮಹಾನವಮಿಯಂದು ನಮ್ಮ ನೆರೆಯವರು ಕತ್ತಿ, ನೇಗಿಲು, ವಾಹನಗಳೊಂದಿಗೆ ಕೋವಿಗೂ ಕುಂಕುಮವಿಟ್ಟು ಆಯುಧಪೂಜೆ ಮಾಡುತ್ತಾರೆ. ಇಂತಹ ಊರಿನ ಪ್ರಬೋಧನಾ ಪೀಠದಿಂದ ‘ಕೋವಿಯು ವಿಗ್ರಹ’ ಎಂದರೆ ಭಕ್ತಜನರ ಕಿವಿಗೆ ಅದು ಪಕ್ಕದ ಮನೆಯವರ ಮೇಲಿನ ಆರೋಪವಾಗಿ ಬೀಳುತ್ತದೆ. ಪಶ್ಚಾತ್ತಾಪಕ್ಕೆ ಕರೆಯಬೇಕಾದ ಮಾತು ಹೆಮ್ಮೆಗೆ ಆಹಾರವಾಗುತ್ತದೆ. ವಿಲ್ಸ್ ತಮ್ಮ ಜನರನ್ನೇ ಚುಚ್ಚಲು ಬಳಸಿದ ಪದವು ನಮ್ಮಲ್ಲಿ ಪರರನ್ನು ಚುಚ್ಚುತ್ತದೆ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆಯು ತಿರಸ್ಕರಿಸುವುದಿಲ್ಲವೆಂದು ೧೯೬೫ರಲ್ಲಿಯೇ ಸಾರಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ಮಕ್ಕಳಿಗೆ ಇದು ತಕ್ಕುದಲ್ಲ.

ನೆರೆಯವರಿಂದ ಕಲಿಯಬೇಕಾದುದೂ ಇದೆ. ಕೊಡವರು ನಾಟಿಯ ಕಾಲದಲ್ಲಿ ಆಯುಧಗಳನ್ನು ಕನ್ನಿಕೋಂಬರೆಯಲ್ಲಿ ಇಟ್ಟು, ನಾಟಿ ಮುಗಿದ ಮೇಲೆ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಅವುಗಳನ್ನು ಪೂಜಿಸಿ ಹೊರತೆಗೆಯುತ್ತಾರೆ. ಉಳುವ ಕಾಲಕ್ಕೆ ಆಯುಧವು ವಿಶ್ರಮಿಸಬೇಕೆಂಬ ಈ ಕಟ್ಟಳೆಯು ಸಬ್ಬತ್ತಿನ ನೆನಪನ್ನು ತಾರದೆ ಇರದು. ಧರ್ಮಸ್ಥಳದ ರತ್ನಗಿರಿಯ ಮೇಲೆ ೧೯೮೨ರಲ್ಲಿ ಪ್ರತಿಷ್ಠಾಪಿತವಾದ ೩೯ ಅಡಿಯ ಬಾಹುಬಲಿಯು ಸೋತು ಆಯುಧ ಬಿಟ್ಟವನಲ್ಲ. ಸೈನ್ಯಗಳನ್ನು ಬದಿಗಿರಿಸಿ, ಅಣ್ಣನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೆದ್ದ ಕ್ಷಣದಲ್ಲೇ ಗೆಲುವನ್ನು ತೊರೆದವನು. ಜೈನರ ಈ ಸಾಕ್ಷ್ಯವನ್ನು ಗೆತ್ಸೆಮನಿಯ ತೋಪಿನೊಡನೆ ಇಟ್ಟು ಧ್ಯಾನಿಸಬಹುದು. ಅಲ್ಲಿ ಯೇಸುಸ್ವಾಮಿ ಖಡ್ಗವನ್ನು ಒರೆಗೆ ಸೇರಿಸಲು ಹೇಳಿದರು. ಲೂಕನ ಪ್ರಕಾರ, ಶಿಷ್ಯನ ಖಡ್ಗವು ಕತ್ತರಿಸಿದ ಕಿವಿಯನ್ನು ತಾವೇ ಮುಟ್ಟಿ ಗುಣಪಡಿಸಿದರು. ತೊರೆಯುವುದಕ್ಕಿಂತ ಮುಂದಿನ ಹೆಜ್ಜೆಯೊಂದು ಅಲ್ಲಿದೆ.

ಹಾಗೆಂದು ಸ್ಥಳೀಯವಾದುದನ್ನೆಲ್ಲ ಹೊಗಳಿ ಸುಮ್ಮನಾಗುವಂತಿಲ್ಲ. ಕೊಡವರಿಗೆ ೧೮೬೧ರಲ್ಲಿ ಮಾರ್ಕ್ ಕಬ್ಬನ್ ಆಡಳಿತವು ನಿರಾಯುಧೀಕರಣ ಕಾಯಿದೆಯಿಂದ ವಿನಾಯಿತಿ ಕೊಟ್ಟದ್ದು ನಿಷ್ಠೆಗೆ ಸಂದ ಪುರಸ್ಕಾರವಾಗಿ. ಹುಟ್ಟಿನಿಂದ ಕೊಡವರಾದವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರವು ೨೦೧೯ರಲ್ಲಿ ೨೦೨೯ರವರೆಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟು ೨೦೨೧ರಲ್ಲಿ ಅದನ್ನು ಎತ್ತಿಹಿಡಿಯಿತು. ಕಾನೂನಿನ ಪ್ರಶ್ನೆ ನ್ಯಾಯಾಲಯದ್ದು. ದೈವಶಾಸ್ತ್ರವು ಕೇಳಬೇಕಾದುದು ಇಷ್ಟೇ: ಆಯುಧವು ಒಂದು ಜನಾಂಗದ ಗುರುತೇ ಆದಾಗ, ಆ ಜನಾಂಗದೊಳಗಿನ ಒಬ್ಬನಿಗೆ ಅದನ್ನು ಬೇಡವೆನ್ನುವ ಸ್ವಾತಂತ್ರ್ಯ ಉಳಿದಿರುತ್ತದೆಯೇ? ಅಮೆರಿಕದ ಚಿಂತಕರ ಪ್ರಶ್ನೆಯು ನಮಗೆ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಕ್ರೈಸ್ತರೂ ಸೇರಿ ಎಲ್ಲ ಸಮುದಾಯಗಳಿಗೂ ಅದನ್ನು ಕೇಳಬೇಕು.

ಆದ್ದರಿಂದ ವಿಲ್ಸ್, ಆಟ್‌ವುಡ್ ಇಬ್ಬರನ್ನೂ ನಮ್ಮ ವಿದ್ಯಾರ್ಥಿಗಳು ಓದಲಿ ಎಂದೇ ನಾವು ಹೇಳುತ್ತೇವೆ. ಓದಿದ್ದನ್ನು ಅನುವಾದಿಸಿ ಬೋಧಿಸುವುದು ಬೇಡ. ಧರ್ಮಕೇಂದ್ರದ ಗುರುವಿಗೆ ಇದಕ್ಕಿಂತ ಹತ್ತಿರದ ಕೆಲಸವಿದೆ. ಮನೆ ಆಶೀರ್ವಾದಕ್ಕೆ ಹೋದಾಗ ಗೋಡೆಯಲ್ಲಿ ಕೋವಿ ಕಂಡರೆ, ತೋಟೆಗಳು ಎಲ್ಲಿವೆ, ಕಪಾಟಿನ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಸಾಲ, ಕುಡಿತ, ಮನೋವ್ಯಥೆ ಹೊಕ್ಕ ಮನೆಯಾದರೆ, ಸಂಕಟದ ದಿನಗಳು ಕಳೆಯುವವರೆಗೆ ಕೋವಿಯನ್ನು ಠಾಣೆಯಲ್ಲೋ ಪರವಾನಗಿಯುಳ್ಳ ಅಂಗಡಿಯಲ್ಲೋ ಇಡಿಸಲು ಕುಟುಂಬದ ಹಿರಿಯರೊಡನೆ ಮಾತಾಡಬೇಕು. ಅಮೆರಿಕದ ಅಂಕಿಯ ಅರ್ಧಭಾಗ ನಮಗೆ ಕಲಿಸುವ ಪಾಠವಿದು. ಪರವಾನಗಿಯಿಲ್ಲದ ನಾಡಕೋವಿಯ ಬೇಟೆಗೆ ಹೋಗುವ ಯುವಕರಿಗೆ ಅಕ್ವಿನಾಸರ ಎರಡನೆಯ ವಿಧಿಯನ್ನು ಸರಳ ಕನ್ನಡದಲ್ಲೋ ತುಳುವಿನಲ್ಲೋ ವಿವರಿಸಬೇಕು. ಬೆಳೆ ಕಳೆದುಕೊಂಡವನ ಮನವಿಗೆ ದನಿಗೂಡಿಸಬೇಕು.

ಆಯುಧಗಳನ್ನು ಕುಡುಗೋಲಾಗಿಸುವ ಕನಸನ್ನು ಯೆಶಾಯನು ಕಂಡನು. ಕುಡುಗೋಲನ್ನು ಭರ್ಜಿಯಾಗಿಸುವ ಕರೆಯನ್ನು ಯೋವೇಲನು ದಾಖಲಿಸಿದನು. ನಮ್ಮ ಕೃಷಿಕರ ಮನೆಗಳಲ್ಲಿ ಕೋವಿಯೂ ಕತ್ತಿಯೂ ಒಂದೇ ಗೋಡೆಯಲ್ಲಿ ತೂಗುತ್ತವೆ. ಅವೆರಡರ ನಡುವಿನ ಅಂತರವನ್ನು ಕಾಯುವ ಹೊಣೆ ಆ ಮನೆಯವರೊಂದಿಗೆ ಅವರ ಗುರುವಿನದೂ ಹೌದು.