ಪೀಠಕ್ಕೆ ಯಾವ ಪಾಲಿಶ್?

ಮನೆಯಲ್ಲೇ ಮಾಡಿಕೊಂಡ ರೆಕಾರ್ಡ್ ಪ್ಲೇಯರಿನ ಮರದ ಪೀಠಕ್ಕೆ ಪಾಲಿಶ್ ಹಚ್ಚುವುದು ದನಿಗೆ ಇಂಪು ತರಲೆಂದಲ್ಲ. ತಂಬೂರಿಯ ತೆಳು ಹಲಗೆ ತಾನೇ ಮಿಡಿದು ದನಿ ಕೊಡುತ್ತದೆ. ಅದಕ್ಕೆ ಬಳಿದ ಲೇಪ ಲೆಕ್ಕಕ್ಕೆ ಬರುತ್ತದೆ. ಪೀಠದ ಕೆಲಸ ಮಿಡಿಯದೆ, ಬಾಗದೆ ಇರುವುದು. ಎರಡು ಇಂಚಿನ ಸಾಗವಾನಿ ಹಲಗೆಯ ಮುಂದೆ ಕೂದಲೆಳೆ ದಪ್ಪದ ಲೇಪ ದನಿಯಲ್ಲಿ ಕಿವಿಗೆ ತಿಳಿಯುವಂಥ ವ್ಯತ್ಯಾಸ ಮಾಡದು. ತೇವ ತಡೆಯುವುದು, ಧೂಳು ಅಂಟಗೊಡದಿರುವುದು, ಮರದ ಎಳೆಯನ್ನು ಕಣ್ಣಿಗೆ ತೋರುವುದು, ಇವು ಪಾಲಿಶಿನ ಮೂರು ಕೆಲಸ.

ಮೋರಖಂಡಿ, ಬಸವಕಲ್ಯಾಣ, ಹುಮನಾಬಾದ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮಳೆಗಾಲ ಬಂದರೆ ಗಾಳಿಯೇ ತೇವ. ಹಲಗೆ ಉದ್ದಕ್ಕೆ ಅಷ್ಟಾಗಿ ಬದಲಾಗದಿದ್ದರೂ ಅಡ್ಡಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಮೇಲ್ಮುಖಕ್ಕಷ್ಟೇ ಪಾಲಿಶ್ ಹಚ್ಚಿ ಕೆಳಮುಖ ಬಿಟ್ಟರೆ ಒಂದು ಬದಿ ತೇವ ಹೀರಿ ಇನ್ನೊಂದು ಹೀರದೆ ಹಲಗೆ ಬಾಗುತ್ತದೆ. ಪೀಠ ವಾಲಿದರೆ ಸೂಜಿ ರೆಕಾರ್ಡಿನ ಗೆರೆಯ ಒಂದೇ ಗೋಡೆಗೆ ಒತ್ತುತ್ತದೆ. ಆದ್ದರಿಂದ ಯಾವ ಲೇಪವಾದರೂ ಆರೂ ಮುಖಕ್ಕೆ ಸಮನಾಗಿ ಬೀಳಬೇಕು.

ಮೊದಲನೆಯದು ಎಣ್ಣೆ. ಈ ಸೀಮೆಯ ಅಡುಗೆಮನೆಗೆ ಪರಿಚಿತವಾದ ಅಗಸಿ, ಗಾಳಿ ತಗುಲಿದಂತೆ ತಾನೇ ಗಟ್ಟಿಯಾಗುವ ಎಣ್ಣೆ ಕೊಡುತ್ತದೆ. ಕುಸುಬಿ ಎಣ್ಣೆಯೂ ಒಣಗುತ್ತದೆ, ನಿಧಾನವಾಗಿ. ಶೇಂಗಾ ಎಣ್ಣೆ ಎಂದೂ ಒಣಗದು. ಅಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಹಸಿ ಅಗಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಬಣ್ಣದ ಅಂಗಡಿಯ ‘ಡಬಲ್ ಬಾಯಿಲ್ಡ್’ ಎಣ್ಣೆಗೆ ಒಂದೆರಡು ದಿನ ಸಾಕು. ಎಣ್ಣೆ ಮರದ ಬಣ್ಣವನ್ನು ಗಾಢಗೊಳಿಸುತ್ತದೆ, ಗೀರು ಬಿದ್ದಲ್ಲಿ ಮತ್ತೆ ಉಜ್ಜಿದರೆ ಮುಗಿಯಿತು. ಆದರೆ ತೇವ ತಡೆಯುವುದು ಕಡಿಮೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸಿಕ್ಕಿ ಬೆಂಕಿ ತಾನಾಗಿ ಹತ್ತುತ್ತದೆ. ಬಟ್ಟೆಯನ್ನು ಹರವಿ ಒಣಗಿಸಬೇಕು, ಇಲ್ಲವೇ ನೀರಲ್ಲಿ ನೆನೆಸಬೇಕು.

ಎರಡನೆಯದು ಅರಗು. ಮುತ್ತುಗ, ಬಾರೆ ಮರಗಳ ಮೇಲೆ ಬದುಕುವ ಹುಳು ಸುರಿಸುವ ಈ ರಾಳವೇ ಅಂಗಡಿಯಲ್ಲಿ ಚಪಡಾ ಎಂದು ಸಿಗುತ್ತದೆ. ರೆಕಾರ್ಡಿಗೂ ಇದಕ್ಕೂ ಹಳೆಯ ನಂಟು: 78 ವೇಗದ ತಟ್ಟೆಗಳನ್ನು ಅರಗಿಗೆ ಕಲ್ಲಿನ ಪುಡಿ ಬೆರೆಸಿಯೇ ಅಚ್ಚು ಹಾಕುತ್ತಿದ್ದರು. ವಿನೈಲ್ ಎಲ್‌ಪಿ ಬಂದದ್ದು 1948ರಲ್ಲಿ. ಮೈಸೂರಿನಲ್ಲಿ 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆಯ ಹೆಸರಲ್ಲೂ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಚನ್ನಪಟ್ಟಣದ ಗೊಂಬೆಯ ಮೆರುಗೂ ಅರಗಿನದೇ. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅದು ಕರಗಿ ಹತ್ತುತ್ತದೆ. ಚೌಕ ಪೀಠಕ್ಕೆ ಈ ವಿಧಾನ ಒಗ್ಗದು. ದನಿ ಏರಿಸುವ ದುಂಡು ಗುಬ್ಬಿಗಳಿಗೆ ಚೆಂದ ಒಪ್ಪುತ್ತದೆ.

ಪೀಠಕ್ಕೆ ಒಂದು ಲೀಟರ್ ಸ್ಪಿರಿಟ್ಟಿಗೆ ಸುಮಾರು 150 ಗ್ರಾಂ ಚಪಡಾ ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಡಬೇಕು. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಅದು ಕಪ್ಪಾಗುತ್ತದೆ. ಮರವನ್ನು 120, 180, 220ರ ಉಪ್ಪುಕಾಗದದಲ್ಲಿ ಎಳೆಯ ಉದ್ದಕ್ಕೇ ತಿಕ್ಕಿ, ಧೂಳು ಒರೆಸಬೇಕು. ಹತ್ತಿಯ ಉಂಡೆಯನ್ನು ಹಳೆಯ ಧೋತರದ ಬಟ್ಟೆಯಲ್ಲಿ ಸುತ್ತಿ, ಪಾಲಿಶ್ ಕುಡಿಸಿ, ಹಿಂಡಿ, ಜಾರಲೆಂದು ಒಂದೇ ಹನಿ ಎಣ್ಣೆ ಮುಟ್ಟಿಸಬೇಕು. ಕೈ ನಿಲ್ಲದೆ ಸುತ್ತು ಹಾಕುತ್ತಾ ಹೋಗಬೇಕು. ನಿಂತಲ್ಲಿ ಬಟ್ಟೆ ಹಿಡಿದು, ಹಚ್ಚಿದ್ದು ಕಿತ್ತು ಬರುತ್ತದೆ. ಒಂದೊಂದು ಪದರವೂ ನಿಮಿಷಗಳಲ್ಲಿ ಒಣಗುವುದರಿಂದ ಕೆಂಪು ಮಣ್ಣಿನ ಧೂಳಿಗೆ ಕೂರಲು ಹೊತ್ತಿರದು. ಮಳೆಗಾಲದಲ್ಲಿ ಮಾತ್ರ ಅರಗು ತೇವಕ್ಕೆ ಬಿಳಿಚಿಕೊಳ್ಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಸ್ಪಿರಿಟ್ ಬೇಗ ಆರಿ ಕೈ ಓಡದು. ದಸರೆಯಿಂದ ಶಿವರಾತ್ರಿವರೆಗಿನ ದಿನಗಳೇ ಇದಕ್ಕೆ ಸರಿ.

ಮೂರನೆಯದು ಪಿಯು (ಪಾಲಿಯುರೆಥೇನ್) ಮತ್ತು ಮೆಲಮೈನ್ ಎಂಬ ರಾಸಾಯನಿಕ ಲೇಪಗಳು. ಅರಗು 75 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ವಾಲ್ವ್ ಆಂಪ್ಲಿಫಯರಿನ ಬಿಸಿ ತಗಡು ಕೂರುವ ಪೀಠಕ್ಕೆ ಪಿಯು ಬೇಕು. ಚಹಾದ ಲೋಟಕ್ಕೂ ಅದು ಜಗ್ಗದು. ಆದರೆ ಒಮ್ಮೆ ಸುಲಿದರೆ ಅಷ್ಟಕ್ಕೇ ತೇಪೆ ಹಾಕಲಾಗದು. ಇಡೀ ಮುಖ ತಿಕ್ಕಿ ಹೊಸದಾಗಿ ಹೊಡೆಯಬೇಕು. ಹಚ್ಚುವಾಗ ಕಿಟಕಿ ತೆರೆದಿರಲಿ, ಹತ್ತಿರ ಒಲೆ ಉರಿಯದಿರಲಿ.

ಲೇಪವನ್ನು ಮರವೂ ನಿರ್ಧರಿಸುತ್ತದೆ. ಕೆಡವಿದ ಹಳೆಮನೆಯ ಸಾಗವಾನಿ ತೊಲೆ ಚೆನ್ನಾಗಿ ಆರಿರುತ್ತದೆ. ಪೀಠಕ್ಕೆ ಅದಕ್ಕಿಂತ ಒಳ್ಳೆಯದು ಅಪರೂಪ. ಆದರೆ ಅದರೊಳಗೆ ಅದರದೇ ಎಣ್ಣೆಯಿದೆ. ಹಚ್ಚುವ ಮುನ್ನ ಸ್ಪಿರಿಟ್ಟಿನಿಂದ ಒರೆಸಬೇಕು. ಬೀಟೆಯ ಸತ್ವ ಎಣ್ಣೆಯನ್ನೂ ವಾರ್ನಿಶನ್ನೂ ಒಣಗಗೊಡದು. ಅದಕ್ಕೆ ಮೊದಲು ಮೇಣ ತೆಗೆದ ಅರಗಿನ ಒಂದು ಪದರ ಹಚ್ಚಿ ಬಾಯಿ ಕಟ್ಟಬೇಕು. ಪ್ಲೈವುಡ್ಡಿನ ಅಂಚು ಎಷ್ಟು ಹಚ್ಚಿದರೂ ಕುಡಿಯುತ್ತದೆ. ಸೀಲರ್ ಹಚ್ಚಿ, ತಿಕ್ಕಿ, ಆಮೇಲೆ ಬಣ್ಣ.

ಒಟ್ಟಿನಲ್ಲಿ ರೆಕಾರ್ಡ್ ಪ್ಲೇಯರಿನ ಪೀಠಕ್ಕೆ ಅರಗು, ಕೈ ಆಡುವ ಪೆಟ್ಟಿಗೆಗೆ ಎಣ್ಣೆಯ ಮೇಲೆ ಜೇನುಮೇಣ, ಬಿಸಿಯಾಗುವ ಯಂತ್ರಕ್ಕೆ ಪಿಯು. ಯಾವುದನ್ನೇ ಆರಿಸಿದರೂ ಅದೇ ಮರದ ತುಂಡೊಂದಕ್ಕೆ ಮೊದಲು ಹಚ್ಚಿ ಒಂದು ವಾರ ನೋಡಿದ ಮೇಲೆಯೇ ಪೀಠಕ್ಕೆ ಕೈ ಹಾಕಬೇಕು.